ಉತ್ತರ ಕನ್ನಡದ ಘಟ್ಟ ಇಷ್ಟು ಗಿಡ್ಡ ಇದ್ದೂ ಇಷ್ಟು ಕಡಿದಾಗಿ ಇರುವುದು ಯಾಕೆ?

ಕೋಡಿಬಾಗ ಕಡಲು

ಬಹಳ ದಿನದಿಂದ ತಲೆಯಲ್ಲಿರುವ ಪ್ರಶ್ನೆ ಇದು. ಚಿಕ್ಕಮಗಳೂರಿನ ಮುಳ್ಳಯ್ಯನಗಿರಿ 1,930 ಮೀಟರ್. ಕೊಡಚಾದ್ರಿ 1,343 ಮೀಟರ್. ನಮ್ಮ ಜಿಲ್ಲೆಯಲ್ಲಿ ಘಟ್ಟದ ನೆತ್ತಿ ಹೆಚ್ಚಿನ ಕಡೆ 500ರಿಂದ 700 ಮೀಟರ್‌ಗೇ ಮುಗಿಯುತ್ತದೆ. ಶಿರಸಿ ಪೇಟೆಯೇ ಸುಮಾರು 590 ಮೀಟರ್ ಎತ್ತರದಲ್ಲಿದೆ. ಅಂದ್ರೆ ನಮ್ಮಲ್ಲಿ ಘಟ್ಟ ಹತ್ತಿದ ಮೇಲೆ ಆಚೆ ಇಳಿಯುವುದೇ ಇಲ್ಲ, ಅಲ್ಲೇ ಮೇಲೆ ಊರು.

ಆದರೂ ಅಣಶಿ, ಅರಬೈಲು, ದೇವಿಮನೆ, ಗೇರುಸೊಪ್ಪೆ, ಯಾವ ದಾರಿಯಲ್ಲಿ ಹತ್ತಿದರೂ ಕಣಿವೆ ನೋಡಿದಾಗ ಎದೆ ಝಲ್ ಅನ್ನುತ್ತದೆ. ಎತ್ತರ ಇಲ್ಲದ ಕಡೆ ಇಷ್ಟು ಆಳ ಎಲ್ಲಿಂದ ಬಂತು? ಇನ್ನೊಂದು ಪ್ರಶ್ನೆ. ಕಾರವಾರದಲ್ಲಿ ಗುಡ್ಡ ನೇರ ಸಮುದ್ರಕ್ಕೇ ಬಂದು ನಿಲ್ಲುತ್ತದೆ. ಹೊನ್ನಾವರದಲ್ಲಿ ಘಟ್ಟ ದೂರ ಸರಿದಿದೆ. ಇದಕ್ಕೇನು ಕಾರಣ?

ಕಲ್ಲು, ಮಣ್ಣು, ಮಳೆ ಬಲ್ಲವರು ದಯವಿಟ್ಟು ಬರೆಯಿರಿ. ಶಾಲೆ ಪುಸ್ತಕದ ಎರಡು ಸಾಲಿನ ಉತ್ತರ ಬೇಡ.

ಕಲ್ಲುಮಣ್ಣು

ಒಳ್ಳೆಯ ಪ್ರಶ್ನೆ. ನಾನು ಭೂವಿಜ್ಞಾನ ಓದಿದವನು, ಸ್ವಲ್ಪ ಉದ್ದವೇ ಬರೆಯುತ್ತೇನೆ.

ಸಹ್ಯಾದ್ರಿ ಹಿಮಾಲಯದ ಹಾಗೆ ನೆಲ ಮಡಚಿಕೊಂಡು ಎದ್ದ ಪರ್ವತ ಅಲ್ಲ. ನಮ್ಮ ಪ್ರಸ್ಥಭೂಮಿ ಪಶ್ಚಿಮದಲ್ಲಿ ಮುಗಿಯುವ ಅಂಚು ಅದು. ಕುಮಟಾದಿಂದ ನೋಡಿದವರಿಗೆ ಬೆಟ್ಟದ ಸಾಲು. ಹತ್ತಿ ಹೋದವರಿಗೆ ಏರುತಗ್ಗಿನ ನೆಲ, ತೋಟ, ಊರು. ನೀವು ಕಂಡದ್ದು ಸರಿಯಾಗಿಯೇ ಇದೆ.

ಈ ಅಂಚು ಹುಟ್ಟಿದ್ದಕ್ಕೆ ದೊಡ್ಡ ಕಥೆ ಇದೆ. ಒಂದು ಕಾಲದಲ್ಲಿ ಮಡಗಾಸ್ಕರ್ ನಮ್ಮ ಕರಾವಳಿಗೆ ಅಂಟಿಕೊಂಡಿತ್ತು. ಸುಮಾರು 9 ಕೋಟಿ ವರ್ಷದ ಹಿಂದೆ ಅದು ಬೇರೆಯಾಯಿತು. ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪದಲ್ಲಿ ಲಾವಾ ತಣಿದು ಕಂಬ ಕಂಬವಾಗಿ ನಿಂತಿದೆಯಲ್ಲ, ಅದು ಆ ಒಡೆತದ ಕಾಲದ್ದು. ನೆಲ ಸೀಳಿದಾಗ ಈ ಬದಿಯ ಅಂಚು ಮೇಲೆದ್ದಿತು, ಆಚೆ ಬದಿ ತಗ್ಗಾಗಿ ಸಮುದ್ರ ತುಂಬಿತು. ಅಲ್ಲಿಂದ ಈಚೆಗೆ ಮಳೆ ಮತ್ತು ಹೊಳೆಗಳು ಆ ಅಂಚನ್ನು ಕೊರೆದು ಕೊರೆದು ಪೂರ್ವಕ್ಕೆ ಸರಿಸುತ್ತಾ ಬಂದಿವೆ. ಕುಮಟಾ, ಹೊನ್ನಾವರದಲ್ಲಿ ಸಮುದ್ರಕ್ಕೂ ಘಟ್ಟಕ್ಕೂ ನಡುವೆ ಇರುವ ಜಾಗ ಹೀಗೆ ಅಂಚು ಹಿಂದೆ ಸರಿದಾಗ ಉಳಿದದ್ದು. ಕಾರವಾರದ ಹತ್ತಿರ ಗಟ್ಟಿ ಕಲ್ಲಿನ ಗುಡ್ಡಗಳು ಪೂರ್ತಿ ಸವೆಯದೆ ಕಡಲಿನ ತನಕ ನಿಂತಿವೆ. ಎದುರಿಗೆ ಕಾಣುವ ಕೂರ್ಮಗಡ, ದೇವಗಡ, ಅಂಜುದೀವ ದ್ವೀಪಗಳೂ ಅಂಥವೇ ಗುಡ್ಡಗಳು. ಸುತ್ತ ನೀರು ಬಂದಿದೆ ಅಷ್ಟೆ.

ಎತ್ತರ ಕಡಿಮೆ, ಕೊಳ್ಳ ಆಳ ಅನ್ನುವುದಕ್ಕೆ ಮುಖ್ಯ ಉತ್ತರ ನಮ್ಮ ನದಿಗಳು. ದಕ್ಷಿಣದಲ್ಲಿ ತುಂಗಾ, ಭದ್ರಾ, ಕಾವೇರಿ ಅಂಚಿನ ಹತ್ತಿರ ಹುಟ್ಟಿ ಬೆನ್ನು ತಿರುಗಿಸಿ ಪೂರ್ವಕ್ಕೆ ಹೋಗುತ್ತವೆ. ನಮ್ಮಲ್ಲಿ ದೊಡ್ಡ ಹೊಳೆಗಳೆಲ್ಲ ಅಂಚನ್ನೇ ಸೀಳಿಕೊಂಡು ಪಶ್ಚಿಮಕ್ಕೆ ಬರುತ್ತವೆ. ಬೇಡ್ತಿ ಹುಬ್ಬಳ್ಳಿ, ಧಾರವಾಡ, ಕಲಘಟಗಿ ಕಡೆಯ ನೀರನ್ನು ತರುತ್ತದೆ. ಕೆಳಗೆ ಅಂಕೋಲಾದಲ್ಲಿ ಅದೇ ಗಂಗಾವಳಿ. ಶರಾವತಿ ತೀರ್ಥಹಳ್ಳಿ ತಾಲೂಕಿನ ಅಂಬುತೀರ್ಥದಿಂದ ಬರುತ್ತದೆ. ಕಾಳಿ ಜೋಯಿಡಾದ ಡಿಗ್ಗಿ ಹತ್ತಿರ ಹುಟ್ಟಿ, ಮೊದಲು ಪೂರ್ವಕ್ಕೆ ಹೋಗಿ, ದಾಂಡೇಲಿ ದಾಟಿದ ಮೇಲೆ ತಿರುಗಿ, ಒಟ್ಟು 184 ಕಿ.ಮೀ. ಹರಿದು ಕಾರವಾರಕ್ಕೆ ಬರುತ್ತದೆ.

ಇಷ್ಟು ದೊಡ್ಡ ನೀರು ಒಂದು ಅಂಚಿನಿಂದ ಕೆಳಗೆ ಬೀಳುವಾಗ ಬೀಳುವ ಜಾಗ ಸವೆಯುತ್ತದೆ. ಜಲಪಾತ ಹಿಂದೆ ಹಿಂದೆ ಸರಿಯುತ್ತದೆ. ಅದು ಬಿಟ್ಟುಹೋದ ಜಾಗದಲ್ಲಿ ಕೊಳ್ಳ ಉಳಿಯುತ್ತದೆ. ಜೋಗ 253 ಮೀಟರ್, ಬೇಡ್ತಿಯ ಮಾಗೋಡು ಸುಮಾರು 200 ಮೀಟರ್, ಅಘನಾಶಿನಿಯ ಉಂಚಳ್ಳಿ 116 ಮೀಟರ್. ಈ ಮೂರೂ ಘಟ್ಟದ ಹೊರಮುಖದಲ್ಲಿಲ್ಲ, ಒಳಗೆ, ಕೊಳ್ಳದ ತಲೆಯಲ್ಲಿವೆ. ಜೋಗದಿಂದ ಗೇರುಸೊಪ್ಪೆ ತನಕದ ಕಣಿವೆ ಪೂರ್ತಿ ಶರಾವತಿ ಕೊರೆದದ್ದು. ನೀವು ದೇವಿಮನೆ ತಿರುವಿನಲ್ಲಿ ನೋಡುವ ಆಳವೂ ಇದೇ ಕೆಲಸದ ಫಲ.

ಬನವಾಸಿ ದಾರಿ

ಇದಕ್ಕೆ ಒಂದು ವಿಷಯ ಸೇರಿಸುತ್ತೇನೆ. ಘಟ್ಟದ ನೆತ್ತಿಯಲ್ಲಿ ನೀರು ಇಬ್ಭಾಗ ಆಗುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ನಮ್ಮಲ್ಲಿ ಆ ಗೆರೆ ನೆತ್ತಿಯಿಂದ ಎಷ್ಟೋ ಒಳಗಿದೆ. ಶಿರಸಿ ತಾಲೂಕಿನಲ್ಲೇ ನೋಡಿ. ಶಿರಸಿ ಪೇಟೆಯ ಶಂಕರ ಹೊಂಡದ ಕಡೆಯ ನೀರೂ ಮಂಜುಗುಣಿ ಕಡೆಯ ನೀರೂ ಕೂಡಿ ಅಘನಾಶಿನಿ ಆಗಿ ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ಅದೇ ತಾಲೂಕಿನ ಬನವಾಸಿಯಲ್ಲಿ ಬಿದ್ದ ಮಳೆ ವರದಾ ಸೇರಿ, ತುಂಗಭದ್ರೆಗೆ, ಕೃಷ್ಣೆಗೆ, ಕೊನೆಗೆ ಬಂಗಾಳ ಕೊಲ್ಲಿಗೆ. ನಡುವೆ ದೊಡ್ಡ ಗುಡ್ಡ ಏನೂ ಇಲ್ಲ. ಬಸ್ಸಿನಲ್ಲಿ ಹೋದರೆ ಎಲ್ಲಿ ದಾಟಿದಿರಿ ಅಂತಲೇ ಗೊತ್ತಾಗುವುದಿಲ್ಲ.

ಹಳಿಯಾಳದವಳು

ಓದಿ ಖುಷಿಯಾಯಿತು. ನನ್ನ ಪ್ರಶ್ನೆ ಮಳೆ ಬಗ್ಗೆ. ಜೋಯಿಡಾದಲ್ಲಿ ಕೊಡೆ ಮಡಚಲು ಆಗದ ದಿನ ನಮ್ಮ ಹಳಿಯಾಳದಲ್ಲಿ ಬಿಸಿಲು ಇರುತ್ತದೆ. ಪಕ್ಕಪಕ್ಕದ ತಾಲೂಕು. ನಮ್ಮಲ್ಲಿ ಹತ್ತಿ, ಕಬ್ಬು, ಗೋವಿನಜೋಳ. ಅಲ್ಲಿ ದಟ್ಟ ಕಾಡು. ಮುಂಡಗೋಡದ ಕಥೆಯೂ ಇದೇ. ಇಷ್ಟು ಗಿಡ್ಡ ಘಟ್ಟ ಇಷ್ಟೊಂದು ವ್ಯತ್ಯಾಸ ಮಾಡುತ್ತದಾ?

ಮಳೆ ಲೆಕ್ಕ, ಹೊನ್ನಾವರ

ಮಾಡುತ್ತದೆ. ಆದರೆ ಹೇಗೆ ಅನ್ನುವುದು ಸ್ವಲ್ಪ ಸೂಕ್ಷ್ಮ.

ಮುಂಗಾರು ಗಾಳಿ ಘಟ್ಟಕ್ಕೆ ತಾಗಿ ಮೇಲೇರುತ್ತದೆ, ತಣಿಯುತ್ತದೆ, ಆವಿ ಹನಿಯಾಗುತ್ತದೆ. ಇದು ಎಲ್ಲರಿಗೂ ಗೊತ್ತು. ಹಾಗಿದ್ದರೆ ಮಳೆ ಘಟ್ಟದ ಮೇಲೆ ಮಾತ್ರ ಸುರಿಯಬೇಕಿತ್ತು ಅಲ್ವಾ? ಸಮುದ್ರ ಮಟ್ಟದ ಹೊನ್ನಾವರ, ಕಾರವಾರಕ್ಕೂ ವರ್ಷಕ್ಕೆ 3,000 ಮಿ.ಮೀ. ಆಸುಪಾಸು, ಕೆಲವು ಕಡೆ ಅದಕ್ಕಿಂತ ಜಾಸ್ತಿ ಬೀಳುವುದು ಯಾಕೆ? ಘಟ್ಟ ತಡೆದ ಗಾಳಿ ಹಿಂದಕ್ಕೆ ಒತ್ತರಿಸಿಕೊಳ್ಳುತ್ತದೆ. ಹಾಗಾಗಿ ಗಾಳಿ ಕರಾವಳಿ ಮುಟ್ಟುವ ಮೊದಲೇ, ಸಮುದ್ರದ ಮೇಲೇ ಏರಲು ಶುರು ಮಾಡುತ್ತದೆ. ಇದರ ಜೊತೆ ಮಹಾರಾಷ್ಟ್ರದಿಂದ ಕೇರಳದ ತನಕ ಕಡಲತೀರಕ್ಕೆ ಸಮಾನಾಂತರವಾಗಿ ಕಡಿಮೆ ಒತ್ತಡದ ಪಟ್ಟಿಯೊಂದು ಆಗಾಗ ನಿಲ್ಲುತ್ತದೆ. ಹವಾಮಾನ ಸುದ್ದಿಯಲ್ಲಿ 'ಟ್ರಫ್' ಅಂತ ಕೇಳಿರುತ್ತೀರಿ. ಅದು ಬಲವಾದ ದಿನವೇ ನಮ್ಮಲ್ಲಿ ಹಗಲು ರಾತ್ರಿ ಬಿಡದೆ ಹೊಯ್ಯುವುದು.

ಈಗ ಎತ್ತರದ ಮಾತು. ಆಗುಂಬೆ ನಮ್ಮ ಘಟ್ಟಕ್ಕಿಂತ ಬಹಳ ಎತ್ತರ ಏನಲ್ಲ, 650 ಮೀಟರ್ ಹತ್ತಿರ ಇದೆ. ಆದರೂ ಅಲ್ಲಿ ವರ್ಷದ ಮಳೆ 7,000 ಮಿ.ಮೀ. ದಾಟುತ್ತದೆ. ಅಲ್ಲಿ ಅಂಚು ನೇರವಾಗಿ ಎದ್ದು ನಿಂತಿದೆ. ಗಾಳಿಗೆ ಪಕ್ಕಕ್ಕೆ ದಾರಿ ಇಲ್ಲ, ಒಮ್ಮೆಲೇ ಏರಬೇಕು. ನಮ್ಮಲ್ಲಿ ನಾಲ್ಕು ನದಿಗಳ ಕಣಿವೆ ಬಾಗಿಲು ತೆರೆದು ಕೊಟ್ಟಿವೆ. ಗಾಳಿ ಆ ಕಣಿವೆಗಳಲ್ಲಿ ನುಗ್ಗಿ ನಿಧಾನಕ್ಕೆ ಏರುತ್ತದೆ. ಆದ್ದರಿಂದ ಮಳೆ ಒಂದೇ ಜಾಗದಲ್ಲಿ ಸುರಿದು ಖಾಲಿಯಾಗದೆ ಒಳಗಿನ ತನಕ ಹಂಚಿಹೋಗುತ್ತದೆ. ಶಿರಸಿಗೆ ಸುಮಾರು 2,500 ಮಿ.ಮೀ. ಸಿಗುವುದು ಹೀಗೆ. ಅಲ್ಲಿಂದ ಮುಂದೆ ಗಾಳಿ ಇಳಿಮುಖ. ಆವಿ ಕಡಿಮೆಯಾಗಿದೆ, ಇಳಿಯುವ ಗಾಳಿ ಬೆಚ್ಚಗಾಗುತ್ತದೆ. ಹಳಿಯಾಳ, ಮುಂಡಗೋಡಕ್ಕೆ ಬರುವಾಗ 1,200 ಮಿ.ಮೀ. ಆಸುಪಾಸು. ಗೋವಾ ಗಡಿಯ ಕ್ಯಾಸಲ್‌ರಾಕ್‌ನಲ್ಲಿ 5,000 ದಾಟುತ್ತದೆ. ಒಂದೇ ಜಿಲ್ಲೆ, ನೂರು ಕಿ.ಮೀ. ಒಳಗೆ ಇಷ್ಟು ಅಂತರ.

ನಿಮ್ಮ ಹಳಿಯಾಳಕ್ಕೆ ಒಂದು ಲಾಭ ಇದೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಪೂರ್ವದಿಂದ ಬರುತ್ತದೆ. ಮಧ್ಯಾಹ್ನ ಕಾದ ಬಯಲಿನ ಮೇಲೆ ಮೋಡ ಕಟ್ಟಿ ಸಂಜೆ ಪಶ್ಚಿಮಕ್ಕೆ ಸಾಗುತ್ತದೆ. ಎಷ್ಟೋ ಸಲ ಅದು ಘಟ್ಟ ಇಳಿಯುವ ಮೊದಲೇ ಮುಗಿಯುತ್ತದೆ. ನಾವು ಕೆಳಗೆ ಗುಡುಗು ಮಾತ್ರ ಕೇಳುತ್ತೇವೆ.

ತೋಟದ ಕೆಲಸ, ಶಿರಸಿ

ಘಟ್ಟದ ಮೇಲಿನವರಿಗೆ ಎಷ್ಟು ಮಿ.ಮೀ. ಅನ್ನುವುದಕ್ಕಿಂತ ಎಷ್ಟು ದಿನ ಬಿಡದೆ ಬಿತ್ತು ಅನ್ನುವುದೇ ಮುಖ್ಯ. ಆರಿದ್ರಾ, ಪುನರ್ವಸು, ಪುಷ್ಯ ಮಳೆಯಲ್ಲಿ ವಾರಗಟ್ಟಲೆ ಬಿಸಿಲು ಕಾಣದಿದ್ದರೆ ಅಡಿಕೆಗೆ ಕೊಳೆ ರೋಗ ಬರುತ್ತದೆ. ಅದನ್ನು ತಡೆಯುವ ಬೋರ್ಡೋ ಔಷಧಿ ಹೊಡೆಯಲು ಎರಡು ಹೊತ್ತಿನ ಬಿಡುವೂ ಸಿಗುವುದಿಲ್ಲ. ಒಂದೇ ದಿನ ಜೋರಾಗಿ ಸುರಿದು ಮರುದಿನ ಬಿಸಿಲು ಬಂದರೆ ಅಷ್ಟು ಹೆದರಿಕೆ ಇಲ್ಲ. ನಮ್ಮ ಕಡೆ ಮನೆಮನೆಯಲ್ಲಿ ಮಳೆಮಾಪಕ ಇಟ್ಟು ದಿನಾ ಬರೆದಿಡುವ ಹಿರಿಯರಿದ್ದಾರೆ. ಆ ಹಳೆಯ ನೋಟ್‌ಬುಕ್‌ಗಳನ್ನು ಯಾರಾದರೂ ಒಟ್ಟು ಮಾಡಿದರೆ ಕಣಿವೆ ಕಣಿವೆಯ ಮಳೆ ಕಾಣುತ್ತದೆ. ಸರ್ಕಾರದ ಮಾಪಕ ಪ್ರತಿ ಕಣಿವೆಯಲ್ಲೂ ಇರುವುದಿಲ್ಲ.

ನನ್ನದೂ ಒಂದು ಪ್ರಶ್ನೆ. ಇಷ್ಟು ಮಳೆ ಬಿದ್ದೂ ಏಪ್ರಿಲ್‌ನಲ್ಲಿ ಬಾವಿ ಯಾಕೆ ಒಣಗುತ್ತದೆ? ಕೆಳಗೆ ಕುಮಟಾ, ಹೊನ್ನಾವರದ ಗುಡ್ಡದ ಮೇಲಿನ ಊರುಗಳಿಗಂತೂ ಮೇ ತಿಂಗಳಲ್ಲಿ ಟ್ಯಾಂಕರ್ ನೀರು.

ಕಲ್ಲುಮಣ್ಣು

ಇದಕ್ಕೆ ನೆಲದ ಪದರಗಳನ್ನು ನೋಡಬೇಕು. ನನಗೆ ಬಹಳ ಮುಖ್ಯ ಅನ್ನಿಸುವ ಭಾಗ ಇದೇ.

ಎಲ್ಲಕ್ಕಿಂತ ಕೆಳಗೆ ಗಟ್ಟಿ ಕಲ್ಲು. ಕಾರವಾರದ ಸುತ್ತ ಗ್ರಾನೈಟಿನಂಥ, 'ನೈಸ್' (gneiss) ಅನ್ನುವ ಬಂಡೆ. ಅದರ ವಯಸ್ಸು ಸುಮಾರು 320 ಕೋಟಿ ವರ್ಷ ಎಂದು ಅಳೆದಿದ್ದಾರೆ. ಯಲ್ಲಾಪುರ, ಶಿರಸಿ, ಜೋಯಿಡಾ ಕಡೆ ಧಾರವಾಡ ಶಿಲಾ ಸರಣಿ. ಅಂದ್ರೆ ಹಳೆಯ ಸಮುದ್ರದ ತಳದಲ್ಲಿ ಕೂತ ಮರಳು, ಕೆಸರು ಒತ್ತಡಕ್ಕೆ ಸಿಕ್ಕಿ ಪದರ ಪದರವಾದ ಕಲ್ಲು. ಅದರ ನಡುವೆ ಸುಣ್ಣಕಲ್ಲು, ಕಬ್ಬಿಣದ ಅದಿರು, ಮ್ಯಾಂಗನೀಸ್. ಬೆಳಗಾವಿಯಿಂದ ಆಚೆ ಮಹಾರಾಷ್ಟ್ರದ ಘಟ್ಟ ಬೇರೆ ತರಹ. ಅದು ಸುಮಾರು 6.6 ಕೋಟಿ ವರ್ಷದ ಹಿಂದಿನ ಲಾವಾ. ಮೆಟ್ಟಿಲು ಮೆಟ್ಟಿಲಾಗಿ, ನೆತ್ತಿ ಚಪ್ಪಟೆಯಾಗಿ ಕಾಣುತ್ತದೆ. ನಮ್ಮ ಕಲ್ಲು ಅದಕ್ಕಿಂತ ಎಷ್ಟೋ ಪಟ್ಟು ಹಳೆಯದು. ಮಡಿಕೆ, ಬಿರುಕು ಜಾಸ್ತಿ. ಹೊಳೆಗಳು ಆ ಬಿರುಕುಗಳನ್ನೇ ಹಿಡಿದು ಕೊರೆಯುತ್ತವೆ.

ಎಲ್ಲಕ್ಕಿಂತ ಮೇಲೆ ಚಿರೆಕಲ್ಲು. ಬಿಸಿಲು, ಮಳೆ ಒಂದಾದ ಮೇಲೊಂದು ಬಂದು ಬಂದು ಕಲ್ಲಿನೊಳಗಿನ ಸಿಲಿಕಾ ತೊಳೆದು ಹೋಗುತ್ತದೆ. ಕಬ್ಬಿಣ, ಅಲ್ಯೂಮಿನಿಯಂ ಉಳಿಯುತ್ತವೆ. ಅದೇ ಕೆಂಪಗೆ ತೂತು ತೂತಾಗಿ ಗಟ್ಟಿಯಾಗುತ್ತದೆ. ಭಟ್ಕಳದಿಂದ ಕುಮಟಾ ತನಕ ಗಿಡ ಇಲ್ಲದ ಚಪ್ಪಟೆ ಗುಡ್ಡಗಳಿವೆಯಲ್ಲ, ಅವುಗಳ ತಲೆ ಪೂರ್ತಿ ಇದೇ. ನಮ್ಮ ಮನೆಗಳ ಗೋಡೆಯೂ ಇದೇ.

ಇವೆರಡರ ನಡುವೆ ಇರುವುದು ಶೇಡಿ ಮಣ್ಣು. ಬಿಳಿ, ಹಳದಿ, ಕೆಲವೆಡೆ ನಸುಗೆಂಪು. ಹಳ್ಳಿಗಳಲ್ಲಿ ಗೋಡೆಗೆ ಚಿತ್ತಾರ ಬಿಡಿಸಲು ತರುತ್ತಿದ್ದರಲ್ಲ, ಅದು. ಅದೂ ಕಲ್ಲು ಕೊಳೆತು ಆದದ್ದೇ. ಒಣಗಿದಾಗ ಗುದ್ದಲಿಗೂ ಬಗ್ಗುವುದಿಲ್ಲ. ನೆನೆದರೆ ಸೋಪಿನ ಹಾಗೆ ಜಾರುತ್ತದೆ.

ನಿಮ್ಮ ಬಾವಿಗೆ ಬರೋಣ. ಚಿರೆಕಲ್ಲಿನ ತೂತುಗಳಲ್ಲಿ ನೀರು ಸರ್ರನೆ ಕೆಳಗಿಳಿಯುತ್ತದೆ. ಶೇಡಿ ಸಿಕ್ಕಿದ ಕೂಡಲೇ ಇಳಿಯುವುದು ನಿಧಾನ ಆಗುತ್ತದೆ. ಆಗ ಅದರ ಮೇಲೇ ಅಡ್ಡಕ್ಕೆ ಹರಿದು ಗುಡ್ಡದ ಪಕ್ಕದಲ್ಲಿ ಒರತೆಯಾಗಿ ಹೊರಬೀಳುತ್ತದೆ. ಇಳಿಜಾರು ಜಾಸ್ತಿ, ಸಮುದ್ರ ಹತ್ತಿರ. ಮಳೆಗಾಲ ಮುಗಿದ ಕೆಲವೇ ತಿಂಗಳಲ್ಲಿ ಗುಡ್ಡ ತನ್ನೊಳಗಿನ ನೀರನ್ನು ಬಿಟ್ಟುಕೊಟ್ಟಿರುತ್ತದೆ. ಮೇಲೆ ಒಳ್ಳೆಯ ಕಾಡಿದ್ದರೆ ಗುಡ್ಡದಿಂದ ಇಳಿದು ಬರುವ ಅಬ್ಬಿ ನೀರು ಏಪ್ರಿಲ್ ತನಕ ಬರುತ್ತದೆ. ಬೋಳಾಗಿದ್ದರೆ ಜನವರಿಗೇ ನಿಲ್ಲುತ್ತದೆ.

ಕೋಡಿಬಾಗ ಕಡಲು

ಸುಣ್ಣಕಲ್ಲು ಅಂದಿರಿ. ಯಾಣದ ಬಂಡೆಗಳು ಹಾಗಾದರೆ? ಜ್ವಾಲಾಮುಖಿ ಕಲ್ಲು, ಭಸ್ಮಾಸುರನ ಬೂದಿ, ಏನೇನೋ ಹೇಳುತ್ತಾರೆ.

ಕಲ್ಲುಮಣ್ಣು

ಯಾಣದ್ದು ಹರಳುಗಟ್ಟಿದ ಕಪ್ಪು ಸುಣ್ಣಕಲ್ಲು. ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್. ಮಳೆನೀರಿನಲ್ಲಿ ಸ್ವಲ್ಪ ಹುಳಿ ಇರುತ್ತದೆ, ಅದು ಸುಣ್ಣಕಲ್ಲನ್ನು ಕರಗಿಸುತ್ತದೆ. ಬಿರುಕು ಇದ್ದಲ್ಲಿ ಜಾಸ್ತಿ ಕರಗಿ ನಡುವೆ ಸಂದಿ ಆಗುತ್ತದೆ, ಕರಗದೆ ಉಳಿದದ್ದು ಮೊನಚಾಗಿ ನಿಲ್ಲುತ್ತದೆ. ದಾಂಡೇಲಿ ಕಾಡಿನ ಕವಳಾ ಗುಹೆಯಲ್ಲಿ ಲಿಂಗದ ರೂಪದ ಕಲ್ಲು ಬೆಳೆದಿರುವುದೂ ಇದೇ ಸುಣ್ಣದ ಕೆಲಸ. ಅಲ್ಲಿ ಕರಗಿದ ಸುಣ್ಣ ತೊಟ್ಟಿಕ್ಕಿ ಮತ್ತೆ ಗಟ್ಟಿಯಾಗಿದೆ.

ಕುಮಟಾ ಹತ್ತಿರ ಇನ್ನೊಂದು ಕುತೂಹಲ ಇದೆ. ಅಲ್ಲಿ ಹಸಿರು ಬಣ್ಣದ, ಅಭ್ರಕ ತುಂಬಿದ, ಹಾಳೆ ಹಾಳೆಯಾಗಿ ಸೀಳುವ ಶಿಸ್ಟ್ ಕಲ್ಲಿನ ಪಟ್ಟಿ ಹಾದುಹೋಗುತ್ತದೆ. ಎರಡು ಬೇರೆ ಬೇರೆ ಭೂಭಾಗಗಳು ಬಂದು ಕೂಡಿದ ಹೊಲಿಗೆ ಅದು ಎಂದು ಕೆಲವು ಸಂಶೋಧಕರು ವಾದಿಸಿದ್ದಾರೆ. ಅವರ ಪ್ರಕಾರ ಅದರ ಮುಂದುವರಿಕೆ ಮಡಗಾಸ್ಕರ್‌ನಲ್ಲಿದೆ, ಕಾರವಾರದ ಕಲ್ಲಿಗೆ ನಂಟು ಅಲ್ಲಿಯ ಕಲ್ಲಿನ ಜೊತೆಗೇ ಜಾಸ್ತಿ. ಇದನ್ನು ಮೊದಲ ಸಲ ಓದಿದಾಗ ನನಗೆ ಮೈ ಜುಮ್ ಅಂದಿತ್ತು.

ಗಂಗಾವಳಿ ದಡ

ಎಲ್ಲ ಓದಿದೆ. ಶೇಡಿ ಮಣ್ಣಿನ ಮಾತು ಬಂತು, ಅದಕ್ಕೆ ಬರೆಯುತ್ತಿದ್ದೇನೆ.

2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಇಳಿಯಿತು. ಹೆದ್ದಾರಿ, ಚಹಾ ಅಂಗಡಿ, ನಿಂತ ಲಾರಿಗಳು, ಜನ, ಎಲ್ಲವನ್ನೂ ತಳ್ಳಿಕೊಂಡು ಗಂಗಾವಳಿಗೆ ಬಿತ್ತು. ಹೊಳೆಯ ನೀರು ಎದ್ದು ಎದುರು ದಡದ ಉಳುವರೆಯ ಮನೆಗಳನ್ನು ಕೆಡವಿತು. ಕೇರಳದ ಲಾರಿ ಚಾಲಕನ ದೇಹ ಸಿಗಲು ಸೆಪ್ಟೆಂಬರ್ ಆಯಿತು. ನಮ್ಮ ಕಡೆ ಇವತ್ತಿಗೂ ರಾತ್ರಿ ಜೋರು ಮಳೆ ಬಂದರೆ ಮಕ್ಕಳು ಮಲಗುವುದಿಲ್ಲ. ಆ ಗುಡ್ಡದ ಬುಡವನ್ನು ರಸ್ತೆಗಾಗಿ ನೆಟ್ಟಗೆ ಕಡಿದಿದ್ದನ್ನು ನಾವೆಲ್ಲ ನೋಡಿದ್ದೇವೆ. ಧರೆಯಲ್ಲಿ, ಅಂದರೆ ಕಡಿದು ಉಳಿದ ಆ ನೆಟ್ಟಗಿನ ಮಣ್ಣಿನ ಗೋಡೆಯಲ್ಲಿ, ಬಿಳಿ ಮಣ್ಣು ಕಾಣುತ್ತಿತ್ತು. ಬಿಳಿ ಮಣ್ಣು ಅಂದರೆ ಏನು ಅಂತ ಊರಿನ ಬಾವಿ ತೋಡುವವರಿಗೂ ಗೊತ್ತು. ರಸ್ತೆ ಮಾಡುವಾಗ ಅವರನ್ನು ಯಾರೂ ಕೇಳಲಿಲ್ಲ.

ಹೆದ್ದಾರಿ ಪಯಣ

ನಿಮ್ಮ ನೋವು ಅರ್ಥವಾಗುತ್ತದೆ. ಆದರೆ ಎಲ್ಲವನ್ನೂ ರಸ್ತೆಯ ತಲೆಗೆ ಕಟ್ಟುವುದು ಸರಿಯಲ್ಲ ಅನ್ನುವುದು ನನ್ನ ಅಭಿಪ್ರಾಯ. ನಾನು ದಿನಾ ಆ ರಸ್ತೆಯಲ್ಲಿ ಗಾಡಿ ಓಡಿಸುವವನು. ಹಳೆಯ ರಸ್ತೆಯಲ್ಲಿ ಎಷ್ಟು ಅಪಘಾತ ಆಗುತ್ತಿತ್ತು ಅಂತ ಕಣ್ಣಾರೆ ಕಂಡಿದ್ದೇನೆ. 2021ರ ಜುಲೈಯಲ್ಲಿ ಯಲ್ಲಾಪುರ ತಾಲೂಕಿನ ಕಳಚೆ ಊರಿಗೆ ಊರೇ ಕುಸಿಯಿತು. ಅಲ್ಲಿ ಹೆದ್ದಾರಿ ಇಲ್ಲ. ತೋಟ, ಕಾಡು. 2009ರ ಅಕ್ಟೋಬರ್‌ನಲ್ಲಿ ಕಾರವಾರದ ಕಡವಾಡದಲ್ಲಿ ಗುಡ್ಡ ಕುಸಿದು 19 ಜನ ಹೋದರು. ಅದೂ ಹೆದ್ದಾರಿ ಬದಿ ಅಲ್ಲ. ಭಟ್ಕಳದ ಮುಟ್ಟಳ್ಳಿಯಲ್ಲಿ 2022ರ ಆಗಸ್ಟ್‌ನಲ್ಲಿ ಮನೆ ಮೇಲೆ ಗುಡ್ಡ ಬಿದ್ದು ನಾಲ್ವರು ಸತ್ತರು. ಆ ರಾತ್ರಿಯ ಮಳೆ ಹೇಗಿತ್ತು ಅಂತ ಭಟ್ಕಳದವರನ್ನು ಕೇಳಿ. ಮಳೆಯ ರೀತಿಯೇ ಬದಲಾಗಿದೆ.

ಕಲ್ಲುಮಣ್ಣು

ಇಬ್ಬರ ಮಾತನ್ನೂ ಒಟ್ಟಿಗೆ ಇಟ್ಟು ನೋಡೋಣ.

ಗುಡ್ಡ ಕುಸಿಯಲು ಕೆಲವು ಸಂಗತಿ ಕೂಡಬೇಕು. ಕಡಿದಾದ ಇಳಿಜಾರು, ಒಳಗೆ ಶೇಡಿಯಂಥ ಮೆತ್ತನೆಯ ಪದರ, ಅದನ್ನು ಪೂರ್ತಿ ನೆನೆಸುವಷ್ಟು ಮಳೆ. ಈ ಮೂರೂ ನಮ್ಮ ಜಿಲ್ಲೆಯಲ್ಲಿ ಸಹಜವಾಗಿಯೇ ಇವೆ. ಕಳಚೆಯಲ್ಲಿ ಆದದ್ದು ಅದು. ದಿನಗಟ್ಟಲೆ ಸುರಿದ ಮಳೆ ಮಣ್ಣಿನ ಪ್ರತಿ ಸಂದಿಯನ್ನು ತುಂಬಿತು. ಒಳಗಿನ ನೀರಿನ ಒತ್ತಡ ಮಣ್ಣಿನ ಹಿಡಿತವನ್ನು ಬಿಡಿಸಿತು. ಮೇಲಿನ ಭಾರ ಜಾರಿತು. ಯಾವ ಜೆಸಿಬಿಯೂ ಬೇಕಾಗಲಿಲ್ಲ.

ಹಾಗಂತ ರಸ್ತೆ ನಿರಪರಾಧಿ ಆಗುವುದಿಲ್ಲ. ಗುಡ್ಡದ ಬುಡವೇ ಮೇಲಿನ ಭಾರಕ್ಕೆ ಆಧಾರ. ಅದನ್ನು ನೆಟ್ಟಗೆ ಕತ್ತರಿಸಿದರೆ, ನೂರು ವರ್ಷಕ್ಕೊಮ್ಮೆ ಬರುವ ಮಳೆಗೆ ಬೀಳಬೇಕಾದದ್ದು ಸಾಧಾರಣ ಮಳೆಗೇ ಬೀಳುತ್ತದೆ. ಚಿರೆಕಲ್ಲನ್ನು ನೆಟ್ಟಗೆ ಕಡಿದರೂ ನಿಲ್ಲುತ್ತದೆ. ನಮ್ಮ ಕ್ವಾರಿಗಳೇ ಸಾಕ್ಷಿ. ಎಡವುವುದು ಇಲ್ಲಿಯೇ. ಮೇಲೆ ಚಿರೆ ಕಂಡು ಇಡೀ ಗುಡ್ಡ ಅಷ್ಟೇ ಗಟ್ಟಿ ಅಂದುಕೊಂಡು, ಕೆಳಗಿನ ಶೇಡಿಯನ್ನೂ ಹಾಗೇ ಕಡಿಯುತ್ತಾರೆ. ಶೇಡಿಗೆ ಅಗಲವಾದ ಮೆಟ್ಟಿಲು ಬೇಕು, ಮೇಲ್ಗಡೆ ನೀರು ಅಡ್ಡ ಒಯ್ಯುವ ಕಾಲುವೆ ಬೇಕು, ಒಳಗಿನ ನೀರು ಹೊರಬರಲು ದಾರಿ ಬೇಕು. ಸುಮ್ನೆ ಕಾಂಕ್ರೀಟ್ ಗೋಡೆ ಕಟ್ಟಿದರೆ ಒಳಗಿನ ನೀರು ಕಟ್ಟಿಕೊಂಡು ಇನ್ನೂ ಅಪಾಯ. ಇದಕ್ಕೆಲ್ಲ ಜಾಗ ಬೇಕು, ಹಣ ಬೇಕು. ಕೊಡಲೇಬೇಕು. ರಸ್ತೆ ಬೇಕು ಅನ್ನುವವರು ಮೊದಲು ಇದನ್ನೇ ಕೇಳಬೇಕು.

ಹೆದ್ದಾರಿ ಪಯಣ

ಮೆಟ್ಟಿಲು, ಕಾಲುವೆ ಮಾಡಿಯೇ ರಸ್ತೆ ಅಗಲ ಮಾಡಲಿ ಅಂದರೆ ನಾನೂ ನಿಮ್ಮ ಜೊತೆ. ರಸ್ತೆಯೇ ಬೇಡ ಅನ್ನುವ ವಾದಕ್ಕೆ ಮಾತ್ರ ನನ್ನ ವಿರೋಧ. ಶಿರಸಿಯಿಂದ ರಾತ್ರಿ ಹೊತ್ತು ಆಂಬುಲೆನ್ಸ್ ಇಳಿಯಬೇಕಾದರೆ ದೇವಿಮನೆ ಘಟ್ಟವೇ ಗತಿ.

ನಿರ್ವಾಹಕರು

ಚರ್ಚೆ ಚೆನ್ನಾಗಿ ನಡೆಯುತ್ತಿದೆ. ಗುತ್ತಿಗೆದಾರರು, ಪಕ್ಷಗಳ ಹೆಸರು ತೆಗೆದ ಎರಡು ಪ್ರತಿಕ್ರಿಯೆ ಅಳಿಸಿದ್ದೇವೆ. ಘಟ್ಟದ ಬಗ್ಗೆಯೇ ಮಾತಾಡೋಣ.

ತೋಟದ ಕೆಲಸ, ಶಿರಸಿ

ನನಗೊಂದು ಗೊಂದಲ. ಬೇಸಿಗೆ ನೀರಿಗೆ ಬೆಟ್ಟದಲ್ಲಿ ಇಂಗುಗುಂಡಿ ತೋಡಿ, ನೀರು ಇಂಗಿಸಿ ಅಂತ ಎಲ್ಲರೂ ಹೇಳುತ್ತಾರೆ. ನಮ್ಮ ಸೊಪ್ಪಿನ ಬೆಟ್ಟದಲ್ಲೂ ತೋಡಿದ್ದೇವೆ. ಈಗ ಒಳಗೆ ನೀರು ಜಾಸ್ತಿ ಆದರೆ ಗುಡ್ಡ ಜಾರುತ್ತದೆ ಅನ್ನುತ್ತಿದ್ದೀರಿ. ರೈತ ಯಾವುದನ್ನು ಮಾಡಬೇಕು?

ಕಲ್ಲುಮಣ್ಣು

ಇದು ಈ ಚರ್ಚೆಯ ಅತಿ ಮುಖ್ಯ ಪ್ರಶ್ನೆ. ಎರಡೂ ಸರಿ, ಜಾಗ ಬೇರೆ ಬೇರೆ.

ಬೆಟ್ಟದ ತಲೆ ಚಪ್ಪಟೆ ಇದ್ದು, ಅಂಚಿನಿಂದ ಸಾಕಷ್ಟು ದೂರ ಇದ್ದರೆ ಇಂಗಿಸಿ. ಇಳಿಜಾರು ನಿಧಾನ ಇದ್ದು, ಕೆಳಗೆ ಮನೆ ಇಲ್ಲದಿದ್ದರೆ ಇಂಗಿಸಿ. ಕಣಿವೆಯ ತಳದಲ್ಲಿ, ತೋಟದ ಮಗ್ಗುಲಲ್ಲಿ ಕೆರೆ ಹೂಳು ತೆಗೆಯಿರಿ. ಅದೇ ಎಲ್ಲಕ್ಕಿಂತ ಒಳ್ಳೆಯದು.

ಕಡಿದಾದ ಇಳಿಜಾರಿನಲ್ಲಿ, ಅದರಲ್ಲೂ ಮನೆ ಹಿಂದಿನ ಧರೆಯ ಮೇಲ್ಗಡೆ ಗುಂಡಿ ತೋಡಬೇಡಿ. ಅಲ್ಲಿ ನೀರು ನಿಲ್ಲದಂತೆ ಅಡ್ಡ ಕಾಲುವೆ ಮಾಡಿ ಹಳ್ಳಕ್ಕೆ ಬಿಡಿ. ಕಾಲುವೆ ಮಳೆಗಾಲಕ್ಕೆ ಮೊದಲು ಚೊಕ್ಕಟ ಇರಬೇಕು. ಬೇರು ಆಳಕ್ಕೆ ಹೋಗುವ ಕಾಡುಮರ ಉಳಿಸಿ. ಬೇರು ಮೇಲಿನ ಕೆಲವು ಅಡಿ ಮಣ್ಣನ್ನು ಗಟ್ಟಿ ಹಿಡಿಯುತ್ತದೆ. ತೀರಾ ಆಳದಿಂದ ಜಾರುವುದನ್ನು ಅದೂ ತಡೆಯುವುದಿಲ್ಲ, ಅದು ನೆನಪಿರಲಿ.

ನಿಮ್ಮಲ್ಲಿ ಶೇಡಿ ಎಷ್ಟು ಆಳದಲ್ಲಿದೆ ಅಂತ ತಿಳಿಯಲು ದೊಡ್ಡ ಯಂತ್ರ ಬೇಡ. ಹತ್ತಿರದ ಬಾವಿಯ ಗೋಡೆ ನೋಡಿ, ರಸ್ತೆ ಧರೆ ನೋಡಿ. ಕೆಂಪು ಮುಗಿದು ಬಿಳಿ, ಹಳದಿ ಶುರುವಾಗುವ ಗೆರೆ ಕಾಣುತ್ತದೆ. ಒರತೆ ಬರುವುದೂ ಸಾಮಾನ್ಯವಾಗಿ ಅದೇ ಮಟ್ಟದಲ್ಲಿ.

ಗಂಗಾವಳಿ ದಡ

ಮೊದಲೇ ಸುಳಿವು ಸಿಗುತ್ತದಾ? ನಮಗೆ ಬೇಕಾದದ್ದು ಅದು.

ಕಲ್ಲುಮಣ್ಣು

ಬಹಳ ಸಲ ಸಿಗುತ್ತದೆ. ಮೇಲಿನ ನೆಲದಲ್ಲಿ ಬಿಲ್ಲಿನಾಕಾರದ ಬಿರುಕು. ನೆಟ್ಟಗಿದ್ದ ಮರ, ಕಂಬ ವಾಲುವುದು. ತಿಳಿಯಾಗಿದ್ದ ಅಬ್ಬಿ ನೀರು ಒಮ್ಮೆಲೇ ಕೆಂಪಾಗುವುದು, ಇಲ್ಲವೇ ನಿಂತುಹೋಗುವುದು. ಇಲ್ಲದ ಕಡೆ ಹೊಸ ಒರತೆ ಏಳುವುದು. ಬಾಗಿಲು, ಕಿಟಕಿ ಇದ್ದಕ್ಕಿದ್ದಂತೆ ಬಿಗಿಯಾಗುವುದು. ಹಳ್ಳದ ನೀರು ಮಳೆ ಇದ್ದಾಗಲೇ ಇಳಿದುಹೋದರೆ ಮೇಲೆಲ್ಲೋ ಮಣ್ಣು ಬಿದ್ದು ಕಟ್ಟಿದೆ ಎಂದರ್ಥ, ಅದು ಒಡೆದು ಬರುತ್ತದೆ. ಇದರಲ್ಲಿ ಯಾವುದು ಕಂಡರೂ ಅಧಿಕಾರಿಗಳು ಬರಲಿ ಅಂತ ಕಾಯಬೇಡಿ. ಆ ರಾತ್ರಿ ಅಲ್ಲಿ ಮಲಗಬೇಡಿ.

ಮಳೆ ಲೆಕ್ಕ, ಹೊನ್ನಾವರ

ಮಳೆಯ ಕಡೆಯಿಂದಲೂ ಒಂದು ಮಾತು. ಆ ದಿನದ ಮಳೆಯನ್ನು ಮಾತ್ರ ನೋಡಬೇಡಿ, ಹಿಂದಿನ ಹತ್ತು ಹದಿನೈದು ದಿನದ್ದನ್ನು ಕೂಡಿಸಿ ನೋಡಿ. ಜೂನ್ ಮೊದಲ ವಾರದಲ್ಲಿ ಒಂದೇ ದಿನ 150 ಮಿ.ಮೀ. ಬಿದ್ದರೂ ಒಣಗಿದ ನೆಲ ಹೀರಿಕೊಳ್ಳುತ್ತದೆ. ಜುಲೈ ನಡುವೆ ಅಷ್ಟೇ ಮಳೆ ಬಿದ್ದರೆ ಹೀರಲು ಜಾಗವೇ ಇರುವುದಿಲ್ಲ. ಶಿರೂರು, ಕಳಚೆ ಎರಡೂ ಜುಲೈ ತಿಂಗಳ ಎರಡನೇ ಅರ್ಧದಲ್ಲಿ ಆದದ್ದು ಸುಮ್ನೆ ಅಲ್ಲ. ಮೇಲೆ ತೋಟದವರು ಹೇಳಿದ ನೋಟ್‌ಬುಕ್‌ಗಳು ಇಲ್ಲಿ ನಿಜಕ್ಕೂ ಜೀವ ಉಳಿಸುವ ವಸ್ತು. ಪ್ರತಿ ಕಣಿವೆಯಲ್ಲಿ ಒಬ್ಬರು ಮಳೆ ಅಳೆದು ಸಂಜೆಗೆ ಊರ ವಾಟ್ಸಾಪ್ ಗುಂಪಿಗೆ ಹಾಕಿದರೂ ಸಾಕು.

ಕಾನು ಕಾವಲು, ಸಿದ್ದಾಪುರ

ಕಾಡಿನ ಬಗ್ಗೆ ಯಾರೂ ಜಾಸ್ತಿ ಬರೆದಿಲ್ಲ. ಶರಾವತಿ, ಅಘನಾಶಿನಿ ಕಣಿವೆಯ ನಿತ್ಯಹಸಿರು ಕಾಡು ಮಳೆಯಿಂದ ಮಾತ್ರ ಉಳಿದದ್ದಲ್ಲ. ಕೊಳ್ಳದ ತಳದಲ್ಲಿ ಬಿಸಿಲು ಕಡಿಮೆ, ಗಾಳಿ ಕಡಿಮೆ, ಬೇಸಿಗೆಯಲ್ಲೂ ಒರತೆ ಇದೆ. ಕತ್ತಲೆಕಾನಿನ ರಾಂಪತ್ರೆ ಜಡ್ಡಿಗಳು, ಅಂದರೆ ಕಾಡುಜಾಯಿಕಾಯಿ ಜಾತಿಯ ಮರಗಳಿರುವ ಜೌಗು ಕಾಡುಗಳು, ಅಂಥ ಕಡೆ ಮಾತ್ರ ಬದುಕಿವೆ. ಮರದ ಬೇರು ಕೆಸರಿನಿಂದ ಮೇಲೆದ್ದು ಉಸಿರಾಡುತ್ತದೆ. ಸಿಂಗಳೀಕಗಳೂ ಈ ಕಣಿವೆಗಳಲ್ಲೇ ಇವೆ. ಘಟ್ಟ ಹೀಗೆ ಸೀಳಿಕೊಂಡು ಕೊಳ್ಳ ಕೊಳ್ಳ ಆಗಿರದಿದ್ದರೆ ಇಷ್ಟು ಉತ್ತರದಲ್ಲಿ ಇವು ಇರುತ್ತಿರಲಿಲ್ಲ ಅನ್ನಿಸುತ್ತದೆ ನನಗೆ. ಒರತೆ ಬತ್ತಿದರೆ ಜಡ್ಡಿ ಹೋಯಿತು. ಒಮ್ಮೆ ಹೋದದ್ದು ನಮ್ಮ ಕಾಲದಲ್ಲಿ ಮತ್ತೆ ಬರುವುದಿಲ್ಲ.

ಕೋಡಿಬಾಗ ಕಡಲು

ಎಲ್ಲರಿಗೂ ಧನ್ಯವಾದ. ನಾನು ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಮಕ್ಕಳನ್ನು ಒಂದು ದಿನ ಕರೆದುಕೊಂಡು ಹೋಗಿ ಇದನ್ನೆಲ್ಲ ತೋರಿಸಬೇಕು ಅಂತ ಆಸೆ. ಯಾವ ದಾರಿ ಒಳ್ಳೆಯದು?

ಕಲ್ಲುಮಣ್ಣು

ಕುಮಟಾ, ಶಿರಸಿ, ಬನವಾಸಿ ದಾರಿ ಹಿಡಿಯಿರಿ. ಕುಮಟಾ ಸುತ್ತಲಿನ ಚಪ್ಪಟೆ ಗುಡ್ಡದಲ್ಲಿ ಚಿರೆಕಲ್ಲಿನ ಹಾಸು ತೋರಿಸಿ. ಹಳೆಯ ಚಿರೆ ಕ್ವಾರಿ ಸಿಕ್ಕರೆ ತಳದಲ್ಲಿ ಬಣ್ಣ ಬದಲಾಗುವುದನ್ನು ಮೇಲಿನಿಂದಲೇ ತೋರಿಸಿ, ಮಕ್ಕಳನ್ನು ಒಳಗೆ ಇಳಿಸಬೇಡಿ. ಕತಗಾಲ ದಾಟಿದ ಮೇಲೆ ಕಾಡು ದಟ್ಟ ಆಗುತ್ತದೆ, ಅಲ್ಲೇ ಘಟ್ಟದ ಬುಡ. ದೇವಿಮನೆ ಹತ್ತುವಾಗ ಧರೆಗಳಲ್ಲಿ ಕಲ್ಲು, ಕೊಳೆತ ಕಲ್ಲು, ಮಣ್ಣು ಒಂದರ ಮೇಲೊಂದು ಕಾಣುತ್ತವೆ. ನೋಡುವುದಾದರೆ ಎದುರು ಬದಿಯಿಂದ ನೋಡಿ, ಧರೆ ಕೆಳಗೆ ಮಕ್ಕಳನ್ನು ನಿಲ್ಲಿಸಬೇಡಿ. ರಾಗಿಹೊಸಳ್ಳಿಯಲ್ಲಿ ಒಮ್ಮೆ ಬಸ್ ಇಳಿದು ಮೈಗೆ ತಾಗುವ ಗಾಳಿಯ ವ್ಯತ್ಯಾಸ ಕೇಳಿ. ಕೈಯಲ್ಲಿ ಥರ್ಮಾಮೀಟರ್ ಇದ್ದರೆ ಕುಮಟಾಕ್ಕೂ ಶಿರಸಿಗೂ ಮೂರ್ನಾಲ್ಕು ಡಿಗ್ರಿ ವ್ಯತ್ಯಾಸ ಅವರೇ ಬರೆದುಕೊಳ್ಳುತ್ತಾರೆ. ಮಧ್ಯಾಹ್ನ ಬನವಾಸಿಯಲ್ಲಿ ವರದಾ ಯಾವ ದಿಕ್ಕಿಗೆ ಹರಿಯುತ್ತಿದೆ ಅಂತ ಅವರೇ ಹುಡುಕಲಿ.

ಮಳೆಗಾಲದಲ್ಲಿ ಮಾತ್ರ ಬೇಡ. ನವೆಂಬರ್ ಕೊನೆಗೋ ಡಿಸೆಂಬರ್‌ನಲ್ಲೋ ಇಟ್ಟುಕೊಳ್ಳಿ. ಆಗ ಧರೆ ಒಣಗಿರುತ್ತದೆ, ಹುಲ್ಲು ಕಡಿಮೆ ಇರುತ್ತದೆ, ಪದರಗಳು ಚೆನ್ನಾಗಿ ಕಾಣುತ್ತವೆ. ಶನಿವಾರ ಆದರೆ ನಾನೂ ಕತಗಾಲದಿಂದ ಜೊತೆಗೆ ಬರುತ್ತೇನೆ.

ತೋಟದ ಕೆಲಸ, ಶಿರಸಿ

ಮಕ್ಕಳ ಊಟ ನಮ್ಮ ಮನೆಯಲ್ಲಿ. ಎಷ್ಟು ಜನ ಅಂತ ಎರಡು ದಿನ ಮೊದಲು ಹೇಳಿದರೆ ಸಾಕು. ನಮ್ಮ ಬಾವಿಯ ಗೋಡೆಯಲ್ಲೂ ಆ ಬಿಳಿ ಗೆರೆ ಇದೆ, ಅದನ್ನೂ ನೋಡಿಕೊಂಡು ಹೋಗಲಿ.